ಉಪ್ಪು ಎಣಿಸಿದ ರಾತ್ರಿ

ಮಾಚೇನಹಳ್ಳಿಯ ಅಂಟಿನ ಕಾರ್ಖಾನೆ. ರಾತ್ರಿ ಪಾಳಿ.
ಇವತ್ತು ಅಂಟಿಲ್ಲ, ಬರೀ ನೀರು ಹರಿಸಿದ್ದೇವೆ.
ಒಂದು ಕಡೆ ಕೊಳವೆ, ಸುರುಳಿ ಸುತ್ತಿ ಮಲಗಿದ ಕೇರೆಹಾವು;
ಇನ್ನೊಂದು ಕಡೆ ತೊಟ್ಟಿ, ಹೊಟ್ಟೆಯೊಳಗೆ ಕಡಗೋಲು ತಿರುಗಿಸುತ್ತ.
ಯಾವುದು ಲೇಸೆಂದು ಸಾಹುಕಾರರಿಗೆ ಸೋಮವಾರ ಹೇಳಬೇಕು ನಾನು.

ಉಪಾಯ ಸುಲಭ. ತಲೆಯ ಕಡೆ ಒಂದು ಚೆಂಬು ಉಪ್ಪುನೀರು ಸುರಿ,
ಬಾಲದ ಕಡೆ ಮೀಟರು ಹಿಡಿದು ಕೂರು,
ಯಾವ ಕಣ ಎಷ್ಟು ಹೊತ್ತು ಒಳಗಿತ್ತೆಂದು
ಲೆಕ್ಕ ಕೇಳು.

ಪುಸ್ತಕದ ಕೊಳವೆ ಮಹಾ ಶಿಸ್ತಿನದು.
ಹಿಂದಿನದು ಮುಂದಿನದನ್ನು ದಾಟುವುದಿಲ್ಲ,
ಮುಂದಿನದು ಹಿಂದಿನದಕ್ಕೆ ಕಾಯುವುದಿಲ್ಲ,
ಜೊತೆಗೆ ಹೊಕ್ಕವರು ಜೊತೆಗೇ ಹೊರಗೆ, ಒಂದೇ ವಯಸ್ಸಿಗೆ.
ಭದ್ರಾವತಿ ಬಸ್ಸಿನಲ್ಲೂ ಬರೆದಿದೆಯಲ್ಲ:
ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯಿರಿ.
ಬರೆದವನು ಸಂಜೆ ಆರರ ಬಸ್ಸು ಹತ್ತಿದವನಲ್ಲ.

ಪುಸ್ತಕದ ತೊಟ್ಟಿಗೆ ಮರೆವೇ ಧರ್ಮ.
ಬಿದ್ದದ್ದು ಬಿದ್ದ ಗಳಿಗೆಯಲ್ಲೇ ಎಲ್ಲೆಲ್ಲೂ.
ಈಗ ಬಂದ ಹನಿಗೂ ಮಧ್ಯಾಹ್ನ ಬಂದ ಹನಿಗೂ
ಹೊರಬಾಗಿಲು ಒಂದೇ ದೂರ.
ಒಳಗಿನ ರುಚಿಯೇ ಹೊರಬೀಳುವ ರುಚಿ,
ಗುಟ್ಟು ನಿಲ್ಲದ ಬಾಯಿ.
ಅದೇ ಅಳತೆಯ ಹೊಟ್ಟೆಯಲ್ಲಿ ಕೊಳವೆ ಹೆಚ್ಚು ಬೇಯಿಸುತ್ತದೆ, ನಿಜ,
ಆದರೆ ಅಂಟಿಗೆ ಸಿಟ್ಟು ಬಂದರೆ ನಡುವೆ ಎಲ್ಲೋ ಕುದಿದು ಕಲ್ಲಾಗುತ್ತದೆ;
ತೊಟ್ಟಿ ಆ ಸಿಟ್ಟನ್ನು ಮೈತುಂಬ ಹಂಚಿಕೊಂಡು ಸುಮ್ಮನಿರುತ್ತದೆ.

ಫಾಲಾಕ್ಷಪ್ಪ ಮೋಟರಿನ ಸದ್ದಿಗೆ ಕಿವಿಯಿಟ್ಟೇ ಕೇಳಿದರು:
"ಹಂಗಾದ್ರೆ ತೊಟ್ಟಿಗೆ ಬಂದ ಕೂಡ್ಲೇ ಹೊರಟೋಗೋವೂ ಇರ್ತವಾ?"
ಇರ್ತವೆ ಅಂದೆ. ಮೊದಲ ಗಳಿಗೆಯಲ್ಲೇ ಹೆಚ್ಚು.
"ಹೋಗ್ದೇ ಉಳಿಯೋವು?"
ಅವೂ ಇರ್ತವೆ. ಕಡಿಮೆ ಆಗ್ತಾ ಹೋಗ್ತವೆ, ಮುಗಿಯೋದಿಲ್ಲ.

ನಕ್ಕರು. ಈ ಗೇಟಿನೊಳಗೆ ಹನ್ನೆರಡು ಮಂದಿ
ಒಂದೇ ಬೆಳಿಗ್ಗೆ ಸಹಿ ಹಾಕಿದ್ದರಂತೆ.
ಚೌಡಪ್ಪ ವಾಸನೆ ತಡೆಯದೆ ಊಟದ ಗಂಟೆಗೇ ಸೈಕಲ್ ಹತ್ತಿದ,
ಇಬ್ಬರು ಬೋನಸ್ಸಿನ ಮರುದಿನ,
ದಸ್ತಗೀರ್ ಹರಿಹರದ ಗಿರಣಿಗೆ, ಒಬ್ಬ ಕರೆಂಟು ಹೊಡೆದು,
ಬಾಕಿಯವರು ಹೀಗೇ, ಸೋರಿ ಸೋರಿ.
ಮೂವತ್ತೊಂದು ವರ್ಷ.
"ನಿಮ್ಮ ಗೆರೆ ತುದೀಲಿ ನಾನಿದೀನಿ ನೋಡಿ."

ಒಂದೂ ಮುಕ್ಕಾಲಿಗೆ ಉಪ್ಪು ಸುರಿದೆವು.

ಕೊಳವೆ ಮಾತು ಉಳಿಸಿಕೊಂಡಿತು, ಸುಮಾರಾಗಿ.
ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಲೇ ಏರು,
ಕೊಡಚಾದ್ರಿ ಬರೆಯಹೋದ ಮಗು ಹುತ್ತ ಬರೆದ ಹಾಗೆ.
ಗೋಡೆ ಸವರಿ ಬರುವ ನೀರು
ಯಾವ ಊರಲ್ಲೂ ತಡವಾಗಿಯೇ ಬರುತ್ತದೆ.

ತೊಟ್ಟಿ ಪುಸ್ತಕ ಓದಿರಲಿಲ್ಲ.
ಲೆಕ್ಕಕ್ಕಿಂತ ದಟ್ಟ ಉಪ್ಪು ಮೊದಲ ನಿಮಿಷಕ್ಕೇ ಹೊರಗೆ,
ಕಡಗೋಲಿಗೆ ಮುಖವನ್ನೂ ತೋರಿಸದೆ;
ಆಮೇಲೆ ಇಳಿಯಬೇಕಾದ ಗೆರೆ
ಇಳಿಯಲೊಲ್ಲದೆ ಎಳೆಯುತ್ತ, ಎಳೆಯುತ್ತ.

ಫಾಲಾಕ್ಷಪ್ಪ ತೊಟ್ಟಿಯ ಸುತ್ತ ಅಂಗೈ ಸವರುತ್ತ ನಡೆದರು,
ಗಬ್ಬದ ಎಮ್ಮೆಯ ಪಕ್ಕೆ ಮುಟ್ಟಿ
ಕರು ಯಾವ ಕಡೆ ಎಂದು ನೋಡುವವರ ಹಾಗೆ.
ಏಣಿಯ ಹಿಂದೆ, ತಳದ ಹತ್ತಿರ, ಕೈ ನಿಂತಿತು.
"ಇಲ್ಲಿ ನಡುಕ ಇಲ್ಲ. ಈ ಮೂಲೆ ತಿರುಗಲ್ಲ ಮೇಡಂ.
ಮೊದಲಿಂದ್ಲೂ."
ಮೊದಲಿಂದ್ಲೂ ಗೊತ್ತಿತ್ತಾ?
"ಯಾರೂ ಕೇಳಿರ್ಲಿಲ್ಲ."

ಉಪ್ಪು ತಿಂದ ತೊಟ್ಟಿ ನೀರು ಕುಡಿಯುತ್ತಲೇ ಇತ್ತು.
ಐದರ ಹೊತ್ತಿಗೆ, ರೈಲು ಕೂಗಿ ಹೋದಾಗಲೂ,
ಮೀಟರಿನ ಮುಳ್ಳು ಸೊನ್ನೆಯ ಹೊಸ್ತಿಲಲ್ಲಿ
ಚಪ್ಪಲಿ ಬಿಡದೆ ನಿಂತಿತ್ತು.

ಗ್ರಾಫ್ ಹಾಳೆ ಮುಗಿಯಿತು. ಗೆರೆ ಮುಗಿದಿರಲಿಲ್ಲ.
ಫಾಲಾಕ್ಷಪ್ಪ ಇನ್ನೊಂದು ಹಾಳೆ ತಂದು,
ಮೊನ್ನೆ ಇದೇ ತೊಟ್ಟಿಯಲ್ಲಿ ಬೆಂದ ಅಂಟನ್ನು
ಬೆರಳ ತುದಿಯಲ್ಲಿ ಬಳಿದು
ಅಂಚಿಗೆ ಅಂಚು ಕೂಡಿಸಿ
ಒಣಗುವ ತನಕ ಒತ್ತಿ ಹಿಡಿದರು.